ಸುಣ್ಣದ ಬೆಟ್ಟದಲ್ಲಿ ಸುಣ್ಣವಿಲ್ಲದ ಎಲೆ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಒಂದು ಸುಣ್ಣದ ಡಬ್ಬಿ ಕದ್ದೆ. ಕದ್ದೆ ಎನ್ನುವುದು ಪೂರ್ತಿ ಸರಿಯಲ್ಲ. ಸಿಕ್ಕಿದ್ದನ್ನು ವಾಪಸ್ ಕೊಡಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ಪ್ರಕಾರ ಎರಡೂ ಒಂದೇ ಸಿನ್. ಆದರೆ ಅವರಿಗೆ ನನ್ನ ನೆಗೆಣ್ಣಿಯ ಜೊತೆ ಒಂದೇ ಅಡಿಗೆಮನೆಯಲ್ಲಿ ಇಪ್ಪತ್ತಾರು ವರ್ಷ ಕಳೆಯುವ ಪ್ರಸಂಗ ಬಂದಿರಲಿಲ್ಲ.

ನೆಗೆಣ್ಣಿ ಎಂದರೆ ನನ್ನ ಭಾವನ ಹೆಂಡತಿ. ನನಗಿಂತ ಐದು ವರ್ಷ ದೊಡ್ಡವಳು, ರಬಕವಿಯ ನೇಕಾರರ ಮನೆಯಿಂದ ಬಂದವಳು. ನಾನು ಆಕೆಯನ್ನು ಅಕ್ಕಾರ ಎನ್ನುತ್ತೇನೆ. ಆಕೆ ನನ್ನನ್ನು ಮಿಸ್‌ಬಾಯಿ ಎನ್ನುತ್ತಾಳೆ. ಮದುವೆಯಾಗಿ ಬಂದ ವಾರದಲ್ಲಿ ನಾನು ಹೊಸ್ತಿಲು ಎಡವಿ "ಓ ಗಾಡ್" ಅಂದುಬಿಟ್ಟಿದ್ದೆ. "ನೋಡ್ರೆವಾ, ನಮ್ಮ ಮಿಸ್‌ಬಾಯಿಗೆ ದೇವರೂ ಇಂಗ್ಲೀಷಿನಂವನ ಬೇಕು" ಎಂದು ಆಕೆ ಅಂಗಳ ತುಂಬ ಸಾರಿದಳು. ಹೆಸರು ಅಂಟಿಕೊಂಡಿತು. ಈಗ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ.

ಮುಧೋಳದ ಹತ್ತಿರ ನಮ್ಮ ಮಾವನವರ ಸುಣ್ಣದ ಭಟ್ಟಿಗಳಿದ್ದವು. ಅಲ್ಲಿ ಅಗೆದಲ್ಲೆಲ್ಲ ಸುಣ್ಣದ ಕಲ್ಲು. ಕಲ್ಲು ಒಡೆದು, ಒಂದು ಪದರ ಕಲ್ಲು, ಒಂದು ಪದರ ಇದ್ದಲು ಎಂದು ಭಟ್ಟಿಗೆ ತುಂಬಿ, ಮೂರು ದಿನ ಸುಡುತ್ತಿದ್ದರು. ಬೆಂಕಿ ಹಾಕಿದ ಹೊತ್ತಿನಿಂದ ಆರುವವರೆಗೆ ಅಲ್ಲಿ ದುಡಿಯುವವರಿಗೆಲ್ಲ ಮನೆಯ ಸೊಸೆಯಂದಿರೇ ಅಡಿಗೆ ಮಾಡಿ ಬಡಿಸಬೇಕು. ಹೊರಗಿನವರ ಕೈ ಒಲೆಗೆ ಸೋಕಿದರೆ ಕಲ್ಲು ಸರಿಯಾಗಿ ಬೇಯುವುದಿಲ್ಲ ಎಂಬುದು ಆ ಮನೆಯ ನಂಬಿಕೆ. ಆ ನಂಬಿಕೆಯೇ ನನ್ನನ್ನು ಕಟ್ಟಿಹಾಕಿತು.

ನಾನು ಜಮಖಂಡಿಯ ಮಗಳು. ಬೆಳಗಾವಿಯ ಬೋರ್ಡಿಂಗಿನಲ್ಲಿ ಓದಿದೆ. ಅಲ್ಲಿ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಇಟಲಿಯವರು. ಅವರ ಊರಿನ ನೆತ್ತಿಯ ಮೇಲೆ ಸುಣ್ಣದ ಕಲ್ಲಿನ ಬೆಟ್ಟಗಳಿದ್ದವಂತೆ, ಈಗ ಅದೆಲ್ಲ ನ್ಯಾಷನಲ್ ಪಾರ್ಕ್. ಕ್ಲಾಸ್ ಮುಗಿದ ಮೇಲೆ ನನ್ನೊಬ್ಬಳನ್ನು ನಿಲ್ಲಿಸಿಕೊಂಡು ಕಪ್ಪು-ಬಿಳುಪು ಫೋಟೋ ತೋರಿಸುತ್ತಿದ್ದರು. "ಇದೆಲ್ಲ ಸಮುದ್ರದ ತಳ ಆಗಿತ್ತು, ಚೈಲ್ಡ್. ಶಂಖ, ಚಿಪ್ಪು ಸತ್ತು ಸತ್ತು ಕಲ್ಲಾಗಿ, ಕಲ್ಲು ಎದ್ದು ನಿಂತಿದೆ. ಒನ್ ಡೇ ಯು ವಿಲ್ ಕಮ್." ನಾನು ಹೂಂ ಅನ್ನುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗಿಗೆ ಯಾರೋ ಒಬ್ಬರು ಒನ್ ಡೇ ಎಂದರೆ ಆಕೆ ಅದನ್ನು ಮುಂದಿನ ಬೇಸಿಗೆ ಎಂದೇ ತಿಳಿಯುತ್ತಾಳೆ.

ಆ ದಿನ ಬಂದದ್ದು ನನಗೆ ಮೂವತ್ತಮೂರು ತುಂಬಿದಾಗ. ಸಿಸ್ಟರ್ ವಯಸ್ಸಾಗಿ ತಮ್ಮೂರಿಗೆ ಮರಳಿದ್ದರು. ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿಕೊಂಡರು. ನಾವು ಹದಿನೈದು ಜನ ಹೊರಟೆವು. ಪಾಸ್‌ಪೋರ್ಟ್ ಬಂತು. ನಮ್ಮ ಯಜಮಾನರು ಹೂಂ ಅಂದರು. ಅತ್ತೆಯವರು ಎರಡು ತಿಂಗಳು ಮುಖ ತಿರುಗಿಸಿಕೊಂಡಿದ್ದು, ಕೊನೆಗೆ "ಹೋಗಿ ಬರ್ಲಿ ಬಿಡು" ಅಂದರು. ಹೊರಡುವ ದಿನವೇ ಭಟ್ಟಿಗೆ ಬೆಂಕಿ ಹಾಕುವ ಮುಹೂರ್ತ ಬಿತ್ತು. ಪರವಾಗಿಲ್ಲ, ಹಿರಿಯ ಸೊಸೆ ಒಬ್ಬಳೇ ನಿಭಾಯಿಸುತ್ತಾಳೆ ಎಂದು ಮಾತಾಗಿತ್ತು. ಜೀಪು ಹತ್ತಕ್ಕೆ ಬರಬೇಕು. ಒಂಬತ್ತಕ್ಕೆ ನೆಗೆಣ್ಣಿ ಎದೆ ಹಿಡಿದುಕೊಂಡು ಒಳಕೋಣೆಯಲ್ಲಿ ಮಲಗಿದಳು.

"ಯವ್ವಾ, ಸಾಯ್ತೇನ್ಬೇ ನಾ!"

ಅತ್ತೆಯವರು ನನ್ನ ಸೀರೆಯ ಕಡೆ, ಕಾಲಿನ ಹೊಸ ಚಪ್ಪಲಿಯ ಕಡೆ ನೋಡಿದರು. "ಹಿರೇ ಸೊಸಿ ಹಾಸಗಿ ಹಿಡದಾಳ, ಕಿರೇ ಸೊಸಿ ಗುಡ್ಡಾ ನೋಡಾಕ ಹೊಂಟಾಳ. ನಲವತ್ತ ಮಂದಿಗೆ ರೊಟ್ಟಿ ಯಾರ ಬಡೀಬೇಕು? ನಾ ಬಡೀಲ್ಯಾ?"

ಜೀಪು ಮೂರು ಸಲ ಹಾರ್ನ್ ಹೊಡೆದು ಹೋಯಿತು. ನಾನು ಆ ಸೀರೆಯಲ್ಲೇ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಬಡಿದೆ. ನಾಲ್ಕು ಗಂಟೆಗೆ ನೆಗೆಣ್ಣಿ ಎದ್ದಳು. ಮುಖ ತೊಳೆದು, ಅಂಗಳದ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆಯ ಸಂಚಿ ಬಿಚ್ಚಿದಳು. "ಮಿಸ್‌ಬಾಯಿ, ಸುಣ್ಣಾ ತೀರೇತಿ. ಒಂದೀಟ ತಂದ ಕೊಡ ಬೇ." ನಾನು ತಂದು ಕೊಟ್ಟೆ. ಆ ಸಂಜೆ ಆಕೆಯ ಬಾಯಿ ಎಷ್ಟು ಕೆಂಪಾಗಿತ್ತು ಎಂಬುದು ಇಂದಿಗೂ ನನ್ನ ಕಣ್ಣ ಮುಂದಿದೆ.

ಮರುವರ್ಷ ಸಿಸ್ಟರ್ ತೀರಿಕೊಂಡರು.

ಅಂದಿನಿಂದ ನನಗೆ ಆಕೆಯ ಬಾಯಿಂದ ಒಂದೇ ಒಂದು ವಾಕ್ಯ ಬೇಕಾಗಿತ್ತು: ಆವತ್ತು ನನಗೆ ಏನೂ ಆಗಿರಲಿಲ್ಲ. ಕ್ಷಮೆ ಬೇಡ, ಕಣ್ಣೀರು ಬೇಡ, ಆ ವಾಕ್ಯ ಸಾಕು. ನಡುವಿನ ಮೂವತ್ತೆಂಟು ವರ್ಷಗಳಲ್ಲಿ ಎರಡು ಸಲ ಕೇಳಿದ್ದೆ. ಎರಡೂ ಸಲ "ನೋವು ಉಂಡಾವ್ರಿಗೆ ಗೊತ್ತವಾ" ಎಂದು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಕೂತಳು. ಭಟ್ಟಿಗಳು ಆರಿದವು. ಗಂಡಂದಿರಿಬ್ಬರೂ ಹೋದರು. ನಾವಿಬ್ಬರೂ ಜಮಖಂಡಿಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಬಂದೆವು. ವಾಕ್ಯ ಮಾತ್ರ ಬರಲಿಲ್ಲ.

ಕಳೆದ ವರ್ಷ ನಮ್ಮ ಲೇಡೀಸ್ ಕ್ಲಬ್ಬಿನವರು ಯುರೋಪ್ ಟೂರ್ ಅಂದಾಗ, ಆ ಬೆಟ್ಟಗಳಲ್ಲಿ ನಾಲ್ಕು ದಿನ ಇರಲೇಬೇಕೆಂದು ಹಟ ಹಿಡಿದವಳು ನಾನು. ನೆಗೆಣ್ಣಿಯನ್ನು ಒತ್ತಾಯ ಮಾಡಿ ಹೊರಡಿಸಿದವಳೂ ನಾನೇ. ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಲೆಟ್ ಮಿ ಬಿ ಆನೆಸ್ಟ್: ನನಗೆ ಆಕೆಯನ್ನು ಆ ಬೆಟ್ಟದ ಮುಂದೆ ನಿಲ್ಲಿಸಬೇಕಾಗಿತ್ತು. ಭಾಷೆ ಬಾರದ ನಾಡಿನಲ್ಲಿ ನೀರು ಕೇಳಲಿಕ್ಕೂ ನನ್ನ ಬಾಯಿಯೇ ಬೇಕು ಎನ್ನುವಂತೆ ಇಡಬೇಕಾಗಿತ್ತು. ಆಮೇಲೆ ಮೂರನೆಯ ಸಲ ಕೇಳಬೇಕಾಗಿತ್ತು.

ಡಬ್ಬಿಯ ಯೋಚನೆ ಮೊದಲು ಇರಲಿಲ್ಲ. ಮುಂಬೈಗೆ ಹೋಗುವ ಬಸ್ಸಿನಲ್ಲಿ, ಕೊಲ್ಹಾಪುರ ದಾಟಿದ ಮೇಲೆ, ಆಕೆ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಸಂಚಿಯಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ಜಾರಿ ಸೀಟಿನ ಸಂದಿಗೆ ಬಿತ್ತು. ಎದ್ದ ಮೇಲೆ ಕೊಟ್ಟರಾಯಿತೆಂದು ಪರ್ಸಿಗೆ ಹಾಕಿಕೊಂಡೆ. ಆಕೆ ಎದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ವಿಮಾನ ಇಳಿದು ಸೀದಾ ಬಂದದ್ದು ಆ ಬೆಟ್ಟಗಳಿಗೇ. ನಾವು ಹನ್ನೆರಡು ಜನ. ಜಮಖಂಡಿಯವರೇ ಹೆಚ್ಚು, ಬೀಳಗಿಯ ಒಬ್ಬರು, ಬನಹಟ್ಟಿಯ ಒಬ್ಬರು, ತೇರದಾಳದ ಜೈನರ ಆಂಟಿ ಒಬ್ಬರು. ಆ ಆಂಟಿ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಬೇಸಿಗೆಯ ಆ ನಾಡಿನಲ್ಲಿ ಒಂಬತ್ತಾದರೂ ಬೆಳಕು. "ಇಂಥಾ ಊರಾಗ ಹುಟ್ಟಬೇಕಿತ್ತ ನೋಡ್ರಿ ನಾವು, ಎರಡ ಸರ್ತಿ ಉಣಬಹುದು" ಎಂದು ಅವರು ಚಕ್ಕುಲಿ ಡಬ್ಬಿ ತೆಗೆಯುತ್ತಿದ್ದರು.

ಬೆಟ್ಟವನ್ನು ಹೇಗೆ ಹೇಳಲಿ? ಕಣಿವೆಯ ತಳದಲ್ಲಿ ಹಸಿರು ಹುಲ್ಲು, ಕೊರಳಗಂಟೆಯ ದನಗಳು, ಮೇಲೆ ದಟ್ಟ ಕಾಡು. ಕಾಡು ಮುಗಿದಲ್ಲಿ ಒಮ್ಮೆಗೇ ಬೋಳು ಬಿಳಿಕಲ್ಲು, ಗೋಡೆಯಂತೆ ನೆಟ್ಟಗೆ, ಮೋಡದವರೆಗೆ. ಮೇಲಿನಿಂದ ಬಂದ ಹಳ್ಳ ಕಲ್ಲಿನ ಬಾಯೊಳಗೆ ಇಳಿದು ಕಾಣೆಯಾಗುತ್ತದೆ, ಅರ್ಧ ಮೈಲಿ ಕೆಳಗೆ ಇನ್ನೊಂದು ಬಾಯಿಂದ ಹೊರಬರುತ್ತದೆ. ಸಿಸ್ಟರ್ ಇದನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ್ದರು. ಅವರ ಕೈಯ ಬಿಳಿ ಪುಡಿ ನೆನಪಾಯಿತು. ಪಕ್ಕದಲ್ಲಿ ನೆಗೆಣ್ಣಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಯವ್ವಾ ಯವ್ವಾ, ಎಷ್ಟ ಕಲ್ಲ ಬೇ! ಇದು ನಮ್ಮ ಮಾವನ ಕೈಗೆ ಸಿಕ್ಕಿತ್ತಂದ್ರ ಏಳ ತಲಿ ಸುಟ್ರೂ ತೀರ್ತಿರ್ಲಿಲ್ಲ."

ನನ್ನ ಮೂವತ್ತೆಂಟು ವರ್ಷವನ್ನು ಆಕೆ ಭಟ್ಟಿಗೆ ತುಂಬಿಬಿಟ್ಟಳು. ಆಗ ನಿರ್ಧಾರ ಮಾಡಿದೆ: ಡಬ್ಬಿ ಕೊಡುವುದಿಲ್ಲ. ಆ ವಾಕ್ಯ ಹೇಳುವವರೆಗೆ ಕೊಡುವುದಿಲ್ಲ.

ಎಲೆ ತಿನ್ನದವರಿಗೆ ಇದರ ಕ್ರೌರ್ಯ ತಿಳಿಯಲಿಕ್ಕಿಲ್ಲ. ಐವತ್ತು ವರ್ಷ ದಿನಕ್ಕೆ ಎಂಟು ಸಲ ಎಲೆ ಹಾಕಿದ ಬಾಯಿ ಅದು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಎಲೆ ಇದೆ, ಅಡಿಕೆ ಇದೆ. ಸುಣ್ಣ ಇಲ್ಲದೆ ಅದು ಕೆಂಪಾಗುವುದಿಲ್ಲ, ರಸ ಬಿಡುವುದಿಲ್ಲ. ಮೊದಲ ದಿನ ಆಕೆ ಬರಿ ಎಲೆ ಜಗಿದು ಉಗುಳಿದಳು. "ದನಾ ಹುಲ್ಲ ಮೇದಂಗ ಆಗಾಕತ್ತೈತಿ." ಎಲ್ಲರನ್ನೂ ಕೇಳಿದಳು. ಈಗಿನ ಕಾಲದಲ್ಲಿ ಎಲೆ ತಿನ್ನುವವರು ಯಾರು? ಬೀಳಗಿಯವರ ಹತ್ತಿರ ಸಿಹಿ ಸುಪಾರಿ ಪಾಕೀಟು ಮಾತ್ರ ಇತ್ತು.

"ಟೂತ್‌ಪೇಸ್ಟ್ ಹಚ್ಕೋರಿ ಅಕ್ಕಾರ, ಬೆಳ್ಳಗ ಐತಿ, ಖಾರೂ ಐತಿ" ಎಂದರು ಬನಹಟ್ಟಿಯವರು.

ಆಕೆ ಹಚ್ಚಿದಳು. ಬಾಯ ತುಂಬ ನೊರೆ ಬಂದು, ಇಟಲಿಯ ಆ ಚೊಕ್ಕ ಬೀದಿಯಲ್ಲಿ ಗೋಡೆ ಹಿಡಿದು ನಿಂತು ಕೆಮ್ಮಿದಳು. ಎಲ್ಲರೂ ನಕ್ಕರು. ನಾನು ಬೆನ್ನು ಸವರಿದೆ, ಇನ್ನೊಂದು ಕೈಯಿಂದ ಪರ್ಸಿನೊಳಗಿನ ಡಬ್ಬಿ ಮುಟ್ಟಿ ನೋಡಿಕೊಂಡೆ. ಅಲ್ಲಿಯೇ ಇತ್ತು. ದೇವರಾಣೆ, ಆ ಬೆಟ್ಟಕ್ಕಿಂತ ಹೆಚ್ಚಿನ ಆನಂದ ಅದು ಕೊಟ್ಟಿತು.

ಎರಡನೆಯ ದಿನ ಪಾರ್ಕಿನ ರೇಂಜರ್ ನಮ್ಮನ್ನು ಕಣಿವೆಯೊಳಗೆ ಕರೆದುಕೊಂಡು ಹೋದ. ಗಡ್ಡದ ಮನುಷ್ಯ, ಒಳ್ಳೆಯ ಇಂಗ್ಲಿಷ್. ಅವನು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುವುದು, ಇವರು ಕೇಳಿದ್ದನ್ನು ಇಂಗ್ಲಿಷಿನಲ್ಲಿ ಕೇಳುವುದು. ಒಂದು ತಿರುವಿನಲ್ಲಿ ಅವನು ನಿಂತ. ಕಲ್ಲಿನಿಂದ ಕಟ್ಟಿದ, ಬಾವಿಯಂತೆ ದುಂಡಗಿನ ಒಂದು ಹಳೆಯ ಕಟ್ಟಡ. ಹಿಂದಿನ ಕಾಲದಲ್ಲಿ ಇಲ್ಲಿನ ಬಡವರು ಏನೋ ಸುಡುತ್ತಿದ್ದ ಒಲೆ, ಈಗ ರಿಪೇರಿ ಮಾಡಿ, ಒಳಗೆ ಕಲ್ಲು ಜೋಡಿಸಿ ತೋರಿಸಲಿಕ್ಕೆ ಇಟ್ಟಿದ್ದೇವೆ ಎಂದು ಶುರುಮಾಡಿದ. ನಾನು ಅನುವಾದಿಸುವ ಮೊದಲೇ ನೆಗೆಣ್ಣಿ ಕೂಗಿದಳು:

"ಭಟ್ಟಿ! ಸುಣ್ಣದ ಭಟ್ಟಿ ಐತಲ್ಲ ಇದು!"

ಎಪ್ಪತ್ತಾರರ ಮೊಣಕಾಲು ಮರೆತು ಸುತ್ತ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಒಳಗೆ ಬಗ್ಗಿದಳು. ತಳದಲ್ಲಿದ್ದ ಒಂದು ಬಿಳಿ ಹೆಂಟೆ ಎತ್ತಿ, ಭಟ್ಟಿಯ ಅಂಚಿನ ಮೇಲಿಟ್ಟು, ಬಾಟಲಿಯ ನೀರು ಸುರಿದಳು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯಬೇಕು, ಬಿರಿಯಬೇಕು. ಏನೂ ಆಗಲಿಲ್ಲ. ಯಾವ ಕಾಲದ ಸುಣ್ಣವೋ, ಗಾಳಿಗೆ ಸತ್ತು ಮತ್ತೆ ಕಲ್ಲಾಗಿತ್ತು. ಆಕೆಯ ಮುಖ ನೋಡಿದೆ. ಹಸಿದ ಮಗುವಿನ ಮುಖ ಹಾಗಿರುತ್ತದೆ. ನನಗೆ ಒಂಚೂರು ಕನಿಕರ ಬರಬೇಕಿತ್ತು. ಬರಲಿಲ್ಲ.

ರೇಂಜರ್ ಗಾಬರಿಯಾದ. ಪಾರ್ಕಿನಲ್ಲಿ ಒಂದು ಹರಳೂ ಎತ್ತುವಂತಿಲ್ಲ, ದಯವಿಟ್ಟು ಅಲ್ಲೇ ಇಡಲು ಹೇಳಿ ಎಂದ.

"ಎತ್ತಿದಲ್ಲೇ ಇಡಬೇಕಂತ್ರಿ ಅಕ್ಕಾರ. ಕಳ್ಳರಂಗ ಏನ ಎತ್ತಿದ್ರಿ ಅಂತ ಕೇಳಾಕತ್ತಾನ." ಕಳ್ಳರ ಮಾತು ನನ್ನದು.

ಆಕೆ ಹೆಂಟೆಯನ್ನು ಮತ್ತೆ ತಳದಲ್ಲಿ ಇಟ್ಟಳು. ಆದರೆ ಹಗ್ಗದ ಹೊರಗೆ ಬರಲಿಲ್ಲ. ಭಟ್ಟಿಯನ್ನು ಸುತ್ತು ಹಾಕಿ ನೋಡುತ್ತ, "ಇವ್ರಿಗೆ ತುಂಬೂದ ಗೊತ್ತಿಲ್ಲ ಬೇ. ದೊಡ್ಡ ಕಲ್ಲ ಮ್ಯಾಲ ಇಟ್ಟಾರ, ಸಣ್ಣೂವು ಬುಡಕ. ಹಿಂಗ ಇಟ್ರ ಗಾಳಿ ಹೆಂಗ ಆಡ್ತೈತಿ? ಬುಡದಾಗ ದೊಡ್ಡೂವು ಕಮಾನಿನಂಗ ನಿಲ್ಲಿಸಿ, ಸಣ್ಣೂವು ಮ್ಯಾಲ ಬರಬೇಕು. ಹೊಗಿ ಮೊದಲ ಕಪ್ಪು, ಆಮ್ಯಾಲ ಬೂದಿ ಬಣ್ಣ, ಕಡೀಕ ಬರೇ ಬಿಸಿ ಗಾಳಿ; ಆವಾಗ ಬೆಂದತು ಅಂತ ತಿಳಿಬೇಕು. ಹೇಳಂವಗ" ಎಂದಳು.

ಹೇಳಲೇಬೇಕಾಯಿತು, ಹನ್ನೊಂದು ಜನ ನೋಡುತ್ತಿದ್ದರು. ನಾನು ಹೇಳಿದಷ್ಟೂ ರೇಂಜರ್‌ನ ಕಣ್ಣು ಅಗಲವಾಯಿತು. ಪುಸ್ತಕ ತೆಗೆದು ಬರೆದುಕೊಂಡ. ಎಷ್ಟು ದಿನ ಸುಡುತ್ತಿದ್ದಿರಿ, ಯಾವ ಕಟ್ಟಿಗೆ, ಹೆಂಗಸರು ಏನು ಮಾಡುತ್ತಿದ್ದರು, ಕೇಳಿದ್ದೇ ಕೇಳಿದ. ನನ್ನ ಕಾನ್ವೆಂಟ್ ಇಂಗ್ಲಿಷ್, ಸಿಸ್ಟರ್ ಬೆತ್ತ ಹಿಡಿದು ತಿದ್ದಿದ ಇಂಗ್ಲಿಷ್, ಅವರದೇ ಬೆಟ್ಟದ ಬುಡದಲ್ಲಿ ನಿಂತು ನನ್ನ ನೆಗೆಣ್ಣಿಯ ಜಾಣತನವನ್ನು ಹೊತ್ತು ಹಾಕುವ ಹಮಾಲಿ ಮಾಡಿತು. ಕೊನೆಗೆ ಅವನು ಟೋಪಿ ತೆಗೆದು ಅಂದ: ಇದನ್ನು ಕೈಯಿಂದ ಬಲ್ಲವರು ನಮ್ಮಲ್ಲಿ ಯಾರೂ ಉಳಿದಿಲ್ಲ, ಇವರು ಬಂದದ್ದು ನಮ್ಮ ಭಾಗ್ಯ, ಈ ಮಾತು ಇವರಿಗೆ ಮುಟ್ಟಿಸಿ.

"ಏನಂತಾನ?" ಎಂದಳು ನೆಗೆಣ್ಣಿ.

"ಕೈ ತೊಳಕೋಬೇಕಂತ" ಎಂದೆ.

ಆಕೆ ಹಳ್ಳಕ್ಕೆ ಇಳಿದು ಕೈ ತೊಳೆದುಕೊಂಡಳು. ರೇಂಜರ್ ಅದನ್ನು ನಮ್ಮ ಕಡೆಯ ಯಾವುದೋ ನಮ್ರತೆಯ ಪದ್ಧತಿ ಎಂದು ತಿಳಿದಿರಬೇಕು. ಇನ್ನೊಮ್ಮೆ ತಲೆ ಬಾಗಿಸಿದ.

ಮೂರನೆಯ ದಿನ ಮಧ್ಯಾಹ್ನ ಉಳಿದವರು ಮೇಲಿನ ಹುಲ್ಲುಗಾವಲಿಗೆ ಹೋದರು. ನೆಗೆಣ್ಣಿ ಮೊಣಕಾಲು ಒಲ್ಲದು ಎಂದು ದಾರಿಯ ಬೆಂಚಿನ ಮೇಲೆ ಕೂತಳು. ನಾನೂ ಕೂತೆ, ಇದೇ ಹೊತ್ತಿಗಾಗಿ ಕಾದಿದ್ದೆ. ಎದುರಿಗೆ ಅಷ್ಟೂ ಬಿಳಿ ಶಿಖರಗಳು. ಆಕೆ ಸಂಚಿ ಬಿಚ್ಚಿ ಎಲೆಗಳನ್ನು ಎಣಿಸಿದಳು. ಆರು ಉಳಿದಿದ್ದವು, ಅಂಚು ಹಳದಿಯಾಗಿದ್ದವು. ಒಂದನ್ನು ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ಬೆಟ್ಟ ನೋಡುತ್ತಲೇ ಅಂದಳು:

"ಡಬ್ಬಿ ನಿನ್ನ ಪರ್ಸಿನ್ಯಾಗ ಐತಿ."

ನಾನು ಪರ್ಸನ್ನು ಮಡಿಲಿಗೆ ಎಳೆದುಕೊಂಡೆ.

"ವಿಮಾನದಾಗ ಪಾಸ್‌ಪೋರ್ಟ್ ತಗಿಯೂಮುಂದ ನೋಡೇನಿ. ನೀ ಏನರೆ ಕೇಳಾಕಿದ್ದಿ ಅಂತ ಕಾಯಾಕತ್ತೇನಿ. ಟೂತ್‌ಪೇಸ್ಟ್ ತಿನ್ನಿಸಿದಿ, ಕಳ್ಳಿ ಮಾಡಿದಿ. ಕೇಳಿ ಮುಗಿಸ್ಬಾರ್ದ ಬೇ? ಎಲಿ ಒಣಗಾಕತ್ತಾವ."

ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಪ್ರಶ್ನೆ! ಆದರೂ ತೊದಲಿದೆ. "ಆವತ್ತ, ಜೀಪ್ ಬಂದ ದಿನ. ಖರೇನ ನೋವಿತ್ತೇನ್ರಿ ಅಕ್ಕಾರ?"

"ಇಲ್ಲ. ಏನೂ ಆಗಿರ್ಲಿಲ್ಲ ನನಗ."

ಅಷ್ಟೇ. ಹಾಲು ಬಂತೇನು ಎಂದು ಕೇಳಿದರೆ ಇಲ್ಲ ಅನ್ನುವ ಹಾಗೆ.

"ಮತ್ತ ಯಾಕ?"

"ಯಾಕಂದ್ರ, ನೀ ಹೊಂಟಿದ್ದಿ. ನನ್ನನ್ನ ಯಾರೂ ಎಲ್ಲೀಗೂ ಕರದಿರ್ಲಿಲ್ಲ." ಕೈ ಚಾಚಿದಳು. "ಕೊಡ ಇನ್ನ."

ಕೊಟ್ಟೆ. ಮಾತು ಮಾತೇ. ಆಕೆ ಬೆರಳ ತುದಿಯಿಂದ ಸುಣ್ಣ ತೆಗೆದು ಎಲೆಗೆ ಸವರಿ, ಮಡಚಿ, ದವಡೆಗೆ ಒತ್ತಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ತುಟಿ ಕೆಂಪಾಯಿತು. ನಾನು ಗೆದ್ದಿದ್ದೆ. ಹಾಗಾದರೆ ನನ್ನ ಹೊಟ್ಟೆಯೊಳಗಿನ ಉರಿ ಯಾಕೆ ಆರಲಿಲ್ಲ? ನಾನು ತಪ್ಪೊಪ್ಪಿಗೆಯ ವಾಕ್ಯ ಕೇಳಿದ್ದೆನೇ ಹೊರತು, ಅದನ್ನು ಹೇಳುವಾಗ ಆಕೆಗೆ ನೋಯಬೇಕು ಎಂದು ಕರಾರು ಹಾಕಿರಲಿಲ್ಲ. ಅದೇ ನನ್ನ ತಪ್ಪು.

ಮರುದಿನ ಬೆಳಿಗ್ಗೆ ಉಪಾಹಾರದ ಮೇಜಿನಲ್ಲಿ ನಾನು ಆ ತಪ್ಪು ತಿದ್ದಲು ನೋಡಿದೆ. ಎಲ್ಲರ ಮುಂದೆ ಕೇಳಿದೆ: "ಅಕ್ಕಾರ, ನಿನ್ನೆ ನನಗ ಹೇಳಿದ್ದನ್ನ ಇವ್ರಿಗೂ ಹೇಳ್ರಿ." ತಲೆ ತಗ್ಗಿಸುತ್ತಾಳೆ ಎಂದುಕೊಂಡಿದ್ದೆ. ಆಕೆ ಬ್ರೆಡ್ಡು ಬದಿಗಿಟ್ಟು ಹುರುಪಿನಿಂದ ಶುರುಮಾಡಿದಳು.

"ಕೇಳ್ರೆವಾ ಮಜಾ! ನಮ್ಮ ಮಿಸ್‌ಬಾಯಿ ಮೂವತ್ತೆಂಟ ವರ್ಷದ ಹಿಂದನ ಇಲ್ಲಿಗೆ ಬರಾಕಿ, ಹೊಸ ಸೀರಿ, ಹೊಸಾ ಚಪ್ಪಲಿ..." ಅತ್ತೆಯವರ ದನಿ ಮಾಡಿದಳು. ಜೀಪಿನ ಹಾರ್ನ್ ಮಾಡಿದಳು. ತಾನು ಕಣ್ಣು ಮುಚ್ಚಿ ನರಳಿದ್ದು, ನಡುನಡುವೆ ಒಂದು ಕಣ್ಣು ತೆರೆದು ಜೀಪು ಹೋಯಿತೇ ಎಂದು ನೋಡಿದ್ದು, ಎಲ್ಲ ಮಾಡಿ ತೋರಿಸಿದಳು. ಬೀಳಗಿಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತೇರದಾಳದ ಆಂಟಿಗೆ ಚಹಾ ನೆತ್ತಿಗೇರಿತು. ಪಕ್ಕದ ಮೇಜಿನ ವಿದೇಶಿಯರೂ ಏನೆಂದು ತಿಳಿಯದೆ ನಕ್ಕರು. "ಅಕ್ಕಾರ, ನೀವು ನಾಟಕ ಕಂಪನ್ಯಾಗ ಇರಬೇಕಿತ್ರಿ" ಎಂದರು ಬನಹಟ್ಟಿಯವರು. ನಗದೆ ಕೂತವಳು ನಾನೊಬ್ಬಳೇ. "ನಗ್ರಿ, ಎಷ್ಟರ ಸಿಟ್ಟ ನಿಮಗ!" ಎಂದು ನನಗೇ ಬುದ್ಧಿ ಹೇಳಿದರು.

ಹೀಗೆ ನನ್ನ ಜೀವನದ ಒಂದೇ ಒಂದು ದೊಡ್ಡ ಅನ್ಯಾಯ ಇಟಲಿಯ ಹೋಟೆಲಿನಲ್ಲಿ ಒಂದು ಮಜಾ ಆಗಿ ಹೋಯಿತು. ಊರಿಗೆ ಬಂದ ಮೇಲೆ ಕ್ಲಬ್ಬಿನಲ್ಲಿ, ಸಂತೆಯಲ್ಲಿ, ಮೊಮ್ಮಕ್ಕಳ ಮುಂದೆ ಆಕೆ ಅದನ್ನೇ ಮತ್ತೆ ಮತ್ತೆ ಮಾಡುತ್ತಾಳೆ. ಪ್ರತಿ ಸಲ ಹಾರ್ನ್ ಇನ್ನೊಂದು ಜಾಸ್ತಿ ಆಗುತ್ತದೆ.

ಅದಕ್ಕೇ ಇದನ್ನು ಬರೆದೆ. ನನಗೆ ಇಂಗ್ಲಿಷಿನಲ್ಲಿ ಬರೆಯುವುದು ಸಲೀಸು. ಆದರೆ ಇಂಗ್ಲಿಷನ್ನು ಓದಿ ಹೇಳಿದರೂ ಆಕೆಗೆ ತಿಳಿಯದು, ನಮ್ಮ ಓಣಿಯವರೂ ಓದುವುದಿಲ್ಲ. ಕಾಗದದ ಮೇಲೆ ಕಣ್ಣು ಮಿಟುಕಿಸಿ ಯಾರನ್ನೂ ನಗಿಸಲಾಗುವುದಿಲ್ಲ. ನಲವತ್ತು ಜನರಿಗೆ ಬಡಿದ ರೊಟ್ಟಿ, ಹೊರಗೆ ಕಾದ ಜೀಪು, ನಾನು ಕಾಣದೆ ತೀರಿಕೊಂಡ ಸಿಸ್ಟರ್, ಇಷ್ಟನ್ನೂ ಇಲ್ಲಿ ನಗುವಿಲ್ಲದೆ ಇಟ್ಟಿದ್ದೇನೆ.

ನಿನ್ನೆ ಮಧ್ಯಾಹ್ನ ಆಕೆಯನ್ನು ಕೂರಿಸಿ ಓದಿ ಹೇಳಿದೆ. ರೇಂಜರ್ ಹೊಗಳಿದ ಭಾಗವನ್ನು ಮಾತ್ರ ಬಿಟ್ಟೆ. ಅಚ್ಚಾದ ಮೇಲೆ ಮೊಮ್ಮಗಳ ಕೈಯಿಂದ ಓದಿಸಿಕೊಳ್ಳಲಿ, ಅಲ್ಲಿಯವರೆಗೆ ಕಾಯಲಿ. ಆಕೆ ಎಲೆ ಜಗಿಯುತ್ತ ಪೂರ್ತಿ ಕೇಳಿದಳು. ಸಿಟ್ಟು ಮಾಡಲಿಲ್ಲ, ನಗಲೂ ಇಲ್ಲ. ಎದ್ದು ಹೋಗಿ ಉಗುಳಿ ಬಂದು ಅಂದಳು:

"ಒಂದ ತಪ್ಪ ಬರದಿ. ಎದಿ ಅಲ್ಲ ಬೇ, ನಾ ಹಿಡಕೊಂಡಿದ್ದು ಹೊಟ್ಟಿ. ಎದಿ ಅಂದಿದ್ರ ಡಾಕ್ಟರನ್ನ ಕರೀತಿದ್ರು, ನನ್ನ ಬಣ್ಣ ಬಯಲ ಆಕ್ಕಿತ್ತು. ಅಷ್ಟೂ ತಿಳೀದಾಕಿ ಅಲ್ಲ ನಾ. ತಿದ್ದು ಅದನ್ನ."

ಇರಬಹುದು. ಎದೆಯೇ ಎಂದು ನನ್ನ ನೆನಪು. ಆದರೆ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಬಾಗಿಲ ಹೊರಗಿನ ರಸ್ತೆಯನ್ನು.

"ತಿದ್ತಿಯಲ್ಲ?" ಎಂದು ಆಕೆ ಹೊಸ್ತಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದಳು.

"ಹೂಂನ್ರಿ ಅಕ್ಕಾರ" ಎಂದೆ. ತಿದ್ದಿಲ್ಲ.